ಎಳ್ಳು ಯಾವ ಬೆಡಗಿಂದು

ಹೊಸದೊಡ್ಡಿ, ದೇವದುರ್ಗ ತಾಲೂಕು
೬ ಅಕ್ಟೋಬರ್ ೨೦೨೪

ತಂಗಿ ಅಂಬಿಕಾಗೆ ನಿಮ್ಮಕ್ಕ ಹುಲಗೆಮ್ಮ ಮಾಡುವ ಆಶೀರ್ವಾದ.

ಮೊದಲು ನಾವೆಲ್ಲ ಆರಾಮ ಇದ್ದೇವೆ ಎಂದು ಬರೆದು, ಆಮೇಲೆ ಉಳಿದ ಸುದ್ದಿಗೆ ಬರಬೇಕು. ಆದರೆ ಆರಾಮ ಇಲ್ಲ ಅಂಬಿ, ಸುಳ್ಳು ಹೇಗೆ ಬರೆಯಲಿ? ಕಾಗದ ಅಂದರೆ ಪುಸ್ತಕದ ಕನ್ನಡದಲ್ಲೇ ಇರಬೇಕು ಅಂತ ಸಾಲಿಯಲ್ಲಿ ಕಲಿತದ್ದು ಇನ್ನೂ ಕೈ ಬಿಟ್ಟಿಲ್ಲ, ನಗಬೇಡ. ಫೋನ್ ಯಾಕೆ ಮಾಡಲಿಲ್ಲ ಅಂತ ಕೇಳುತ್ತೀ. ಫೋನ್ ಹಗಲೆಲ್ಲ ನಿಮ್ಮ ಮಾವನ ಕಿಸೆಯಲ್ಲಿ. ಸಂಜೆ ಕೈಗೆ ಸಿಕ್ಕರೆ ಅತ್ತಿ ಬಾಲಮ್ಮ ಪಕ್ಕಕ್ಕೇ ಬಂದು ಕೂತು "ಸ್ಪೀಕರ್ ಹಾಕು, ನಾನೂ ಕೇಳ್ತೀನಿ" ಅನ್ನುತ್ತಾಳೆ. ಈ ಮಾತು ಆಕೆಯ ಮುಂದೆ ಆಡುವ ಹಾಗಿಲ್ಲ.

ಹೋದ ತಿಂಗಳು ಸಂತೆಗೆ ನಮ್ಮ ಹುಡುಗಿ ರಾಧಾಳನ್ನೂ ಕರೆದುಕೊಂಡು ಹೋಗಿದ್ದೆ. ನನ್ನ ರೊಟ್ಟಿ, ಶೇಂಗಾ ಚಟ್ನಿಪುಡಿ ಹನ್ನೆರಡರೊಳಗೆ ಖಾಲಿಯಾದವು. ಖುಷಿಗೆ ಒಂದು ಶೇಂಗಾ ಚಿಕ್ಕಿ ಕೊಂಡು ಮುರಿದು ಕೊಟ್ಟೆ. "ಬ್ಯಾಡ ಬೇ, ಬಾಯಿ ಕಡಿತದ" ಅಂದಳು. ಶೇಂಗಾ ಅಂದರೆ ಮೊದಲಿನಿಂದಲೂ ಇದೇ ರಾಗ ಅವಳದು. "ಹನ್ನೊಂದು ವರ್ಷ ಆತು, ಇನ್ನೂ ನಖರಾ ಮಾಡತಿ? ತಿನ್ನು" ಅಂತ ಗದರಿದೆ. ತಿಂದಳು. ಐದು ನಿಮಿಷಕ್ಕೆ ತುಟಿ ಬಾತವು, ಕಣ್ಣು ಮುಚ್ಚಿದವು, ಉಸಿರು ಸೀಟಿ ಹೊಡೆದ ಹಾಗೆ ಹೊರಡತೊಡಗಿತು. ಪಕ್ಕದಲ್ಲಿ ಬಳೆ ಮಾರುವ ಗುಲ್ಫಶಾ ಅಂಗಡಿ ಬಿಟ್ಟು ಓಡಿ ಆಟೋ ತಂದಳು. ದವಾಖಾನೆಯಲ್ಲಿ ಸೂಜಿ ಮಾಡಿದ ಮೇಲೆ ಜೀವ ಬಂತು.

ಗುಲ್ಫಶಾ ಬಗ್ಗೆ ನಿನಗೆ ಹೇಳಿದ್ದೆನೋ ಇಲ್ಲವೋ. ಆಕೆ ನಕ್ಕರೆ ತೀರಿಹೋದ ನಮ್ಮವ್ವ ನಕ್ಕ ಹಾಗೇ ಕೇಳಿಸುತ್ತದೆ. ಎಷ್ಟೋ ಸಲ ತಿರುಗಿ ನೋಡಿದ್ದೇನೆ, ಹುಚ್ಚಿ ನಾನು.

ಶೇಂಗಾ ಜನ್ಮದಲ್ಲಿ ಬಾಯಿಗೆ ಹೋಗಬಾರದು ಅಂದರು ಡಾಕ್ಟರು. ಶೇಂಗಾದಂಥ ಬೇರೆ ಕಾಳುಗಳ ಬಗ್ಗೆಯೂ ಹುಷಾರಿರಬೇಕಂತೆ, ರಾಯಚೂರಿಗೆ ಹೋಗಿ ಚರ್ಮದ ಮೇಲೆ ಪರೀಕ್ಷೆ ಮಾಡಿಸಬೇಕಂತೆ. ಅತ್ತಿ ಕೇಳಿಸಿಕೊಂಡಿದ್ದೇ ತಡ, "ಹೆಣ್ಣು ಹುಡುಗಿ ಮೈಯಾಗ ಐಬು ಅದ ಅಂತ ನೀನ ಡಂಗುರ ಸಾರು, ನಾಳೆ ಯಾರು ಮಾಡಿಕೊಳ್ತಾರ?" ಅಂದಳು. ಹಡೆದಪ್ಪನಾಗಿಯೂ ನಿಮ್ಮ ಮಾವ ತಲೆ ಬಗ್ಗಿಸಿ ಕೂತರು.

ಶೇಂಗಾದಂಥವು ಅಂದರೆ ಯಾವುವು ಅಂಬಿ? ನೀನು ಕಂಪ್ಯೂಟರಿನಲ್ಲಿ ಕಾಳುಗಳ ಒಳಗಿನದು ಏನೋ ಗುಂಪು ಮಾಡುತ್ತೀಯಂತಲ್ಲ. ನನ್ನ ಮಗಳು ಏನು ತಿನ್ನಬೇಕು, ಏನು ತಿನ್ನಬಾರದು, ಅಷ್ಟು ಹೇಳು. ಈ ಕಾಗದವನ್ನು ಬಸ್ ಕಂಡಕ್ಟರ್ ಸತ್ತಾರ್ ಸಾಬ್ ಕೈಗೆ ಕೊಡುತ್ತೇನೆ. ರಾಯಚೂರು ಬಸ್ ಸ್ಟ್ಯಾಂಡಿನ ಎದುರು ಜಹೀರ್ ಚಹಾದಂಗಡಿಯಲ್ಲಿ ಇಟ್ಟಿರುತ್ತಾನೆ, ತಗೋ.

ನಿನ್ನ ಅಕ್ಕ
ಹುಲಗೆಮ್ಮ


ರಾಯಚೂರು
೧೪ ಅಕ್ಟೋಬರ್ ೨೦೨೪

ಅಕ್ಕಾ,

ನಿನ್ನ ಕಾಗದವನ್ನು ಜಹೀರ್ ಅಂಗಡಿಯ ಮುಂದೆ ನಿಂತೇ ಎರಡು ಸಲ ಓದಿದೆ. ರಾಧಾಳನ್ನು ಒಂದು ಸಲ ಅಪ್ಪಿಕೋ, ಸಣ್ಣವ್ವ ಹೇಳಿದಳು ಅನ್ನು.

ಒಂದು ಮಾತು ಹೇಳಲಾ? ನಾನು ಈ ಸಂಶೋಧನೆಗೆ ಸೇರಿ ಆರು ವರ್ಷವಾಯಿತು. ಮದುವೆ ಯಾವಾಗ, ಪಗಾರ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನೀನು ಏನು ಮಾಡುತ್ತೀಯವ್ವಾ ಅಂತ ಮನೆಯವರು ಕೇಳಿದ್ದು ಇದೇ ಮೊದಲು. ಇಂಥ ಹೊತ್ತಿನಲ್ಲಿ ಸಂತೋಷ ಪಡಬಾರದು, ಆದರೂ ಆಯಿತು.

ಪ್ರತಿ ಕಾಳಿನೊಳಗೂ ಪ್ರೋಟೀನ್ ಇರುತ್ತದೆ. ಮಣಿಸರ ಇದ್ದ ಹಾಗೆ, ಮಣಿಯ ಹಿಂದೆ ಮಣಿ. ರಾಧಾಳ ಮೈ ಶೇಂಗಾದ ಪ್ರೋಟೀನನ್ನು ಕಳ್ಳ ಅಂತ ತಿಳಿದು ಅದರ ಮೇಲೆ ಯುದ್ಧಕ್ಕೆ ಬೀಳುತ್ತದೆ. ಬೇರೆ ಕಾಳಿನ ಪ್ರೋಟೀನ್ ಅದನ್ನೇ ಹೋಲುತ್ತಿದ್ದರೆ ಅದರ ಮೇಲೂ ಬೀಳಬಹುದು. ಯಾವುದು ಯಾವುದನ್ನು ಎಷ್ಟು ಹೋಲುತ್ತದೆ ಅಂತ ಲೆಕ್ಕ ಹಾಕಿ ಗುಂಪು ಮಾಡುವುದೇ ನನ್ನ ಕೆಲಸ.

ಜೊತೆಗೆ ಒಂದು ಹಾಳೆ ಇಟ್ಟಿದ್ದೇನೆ. ಗಿಡದ ಟೊಂಗೆ ಇದ್ದ ಹಾಗೆ ಕಾಣುತ್ತದೆ. ಕಾಳುಗಳ ಹೆಸರನ್ನು ನಿನಗಾಗಿ ಕನ್ನಡದಲ್ಲಿ ಬರೆದಿದ್ದೇನೆ. ಮದುವೆ ಮಾತಿಗೆ ಕೂತಾಗ ಮೊದಲು ಕೇಳುವ ನಮ್ಮ ಕುಲದ ಬೆಡಗು ಇದ್ದ ಹಾಗೆ ತಿಳಿದುಕೋ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಒಳಗೊಳಗೇ ಹೆಣ್ಣು ತರುವುದಿಲ್ಲ, ಬೇರೆ ಬೆಡಗಾದರೆ ಅಡ್ಡಿಯಿಲ್ಲ. ಶೇಂಗಾ, ತೊಗರಿ, ಕಡಲೆ, ಹೆಸರು, ಅಲಸಂದಿ ಎಲ್ಲ ಒಂದೇ ಬೆಡಗು. ಎಳ್ಳು ನೋಡು, ಆ ತುದಿಗೆ ಬೇರೆ ಟೊಂಗೆಯಲ್ಲಿದೆ. ಅದಕ್ಕೂ ಶೇಂಗಾಕ್ಕೂ ಸಂಬಂಧವೇ ಇಲ್ಲ.

ಪರೀಕ್ಷೆ ಮಾತ್ರ ಮಾಡಿಸು. ನಾನು ಡಾಕ್ಟರ್ ಅಲ್ಲ.

ನಿನ್ನ
ಅಂಬಿ


ಹೊಸದೊಡ್ಡಿ
೩ ನವೆಂಬರ್ ೨೦೨೪

ತಂಗಿ ಅಂಬಿಕಾಗೆ ಆಶೀರ್ವಾದ.

ನಿನ್ನ ಹಾಳೆ ಬಂದ ದಿನ ನನಗೆ ಕಣ್ತುಂಬ ನಿದ್ದೆ ಬಂತು ನೋಡು. ಅದನ್ನು ಹಿಟ್ಟಿನ ಅಂಟು ಹಚ್ಚಿ ಒಲೆಯ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಬೆಡಗು ಅಂತ ನೀನು ಬರೆದದ್ದು ಮನಸ್ಸಿಗೆ ಸರಿಯಾಗಿ ಕೂತಿತು. ಡಾಕ್ಟರು ಹೇಳಿದಾಗ ತಲೆಗೆ ಹೋಗದ್ದು ನೀನು ಹೇಳಿದ ಮೇಲೆ ಹೋಯಿತು. ಅತ್ತಿಗೂ ತೋರಿಸಿ ತಿಳಿಸಿ ಹೇಳಿದೆ. ಆಕೆ ಹಾಳೆ ದಿಟ್ಟಿಸಿ, "ಕಾಳಿಗೂ ಬೆಡಗು ಹಚ್ಯಾಳ ನಿನ್ನ ತಂಗಿ. ತನಗ ಮಾತ್ರ ಒಂದು ಗಂಡು ಹುಡುಕ್ಕೊಳ್ಳಾಕ ಆಗವಲ್ದು" ಅಂದಳು. ಸಿಟ್ಟಾಗಬೇಡ, ಆಕೆ ನಕ್ಕಳು ಅನ್ನುವುದೇ ದೊಡ್ಡದು.

ಬೆಡಗಿನವನ್ನೆಲ್ಲ ನಿಲ್ಲಿಸಿದ್ದೇನೆ. ತೊಗರಿಬೇಳೆ ಇಲ್ಲ, ಹೆಸರು ಇಲ್ಲ, ಕಡಲೆಹಿಟ್ಟು ಇಲ್ಲ. ನಮಗೆ ಸಾರು ಮಾಡಿದರೂ ಅವಳಿಗೆ ರೊಟ್ಟಿ, ಪುಂಡಿಪಲ್ಯ, ಮೊಸರು. ಸ್ವಲ್ಪ ಸೊರಗಿದ್ದಾಳೆ. ಮನೆಯಲ್ಲಿ ಶೇಂಗಾ ಕುಟ್ಟುವುದನ್ನೂ ಬಿಟ್ಟೆ. "ಗಿರಾಕಿ ಕೇಳೋದ ಶೇಂಗಾ ಚಟ್ನಿ, ನೀ ಏನ್ ಮಾರತಿ, ಮಣ್ಣಾ?" ಅಂತ ಅತ್ತಿ ಕೂಗಾಡಿದಳು. ಎಳ್ಳು ಚಟ್ನಿ ಶುರು ಮಾಡಿದ್ದೇನೆ. ದಿನಾ ಎಳ್ಳು ಹುರಿದು ಕುಟ್ಟುತ್ತೇನೆ, ಮನೆಯೆಲ್ಲ ಘಮಘಮ.

ರಾಧಾಳ ಕಥೆ ಕೇಳು. ರುಚಿ ಕಂಡಿದ್ದಾಳೆ ನೆವ ಹೇಳಲಿಕ್ಕೆ. ಮೊನ್ನೆ ಎಳ್ಳು ಚಟ್ನಿ ಹಾಕಿದರೆ "ಇದಕ್ಕೂ ಬಾಯಿ ಕಡಿತದ" ಅಂದಳು. ಹಾಳೆಯ ಮುಂದೆ ನಿಲ್ಲಿಸಿ ಬೆರಳಿಟ್ಟು ತೋರಿಸಿದೆ. "ಓದು, ಎಳ್ಳು ಎಲ್ಲದ? ನಿಮ್ಮ ಸಣ್ಣವ್ವ ನಿನಗಿಂತ ಶ್ಯಾಣೇಕಿ ಇದ್ದಾಳ" ಅಂದೆ. ಬಾಯಿ ಮುಚ್ಚಿಕೊಂಡು ತಿಂದಳು.

ಪರೀಕ್ಷೆಯ ಮಾತು ಹತ್ತಿ ಬಿಡಿಸಿ ಮುಗಿದ ಮೇಲೆ ನೋಡೋಣ. ಈಗ ಅಷ್ಟು ಗಡಿಬಿಡಿ ಏನಿದೆ, ಹಾಳೆ ಇದೆಯಲ್ಲ.

ನಿನ್ನ ಅಕ್ಕ
ಹುಲಗೆಮ್ಮ


ರಾಯಚೂರು
೧೭ ನವೆಂಬರ್ ೨೦೨೪

ಅಕ್ಕಾ,

ಬೇಳೆಯನ್ನು ಪೂರಾ ನಿಲ್ಲಿಸಬೇಡವೇ! ಒಂದೇ ಬೆಡಗು ಅಂದರೆ ಕಡ್ಡಾಯವಾಗಿ ತೊಂದರೆ ಅಂತ ಅಲ್ಲ. ಶೇಂಗಾ ಆಗದ ಎಷ್ಟೋ ಮಂದಿಗೆ ತೊಗರಿ ಏನೂ ಮಾಡುವುದಿಲ್ಲ. ಡಾಕ್ಟರನ್ನು ಕೇಳಿ ಶುರು ಮಾಡು. ಬೆಳೆಯುವ ಹುಡುಗಿ, ಬೇಳೆ ಇಲ್ಲದೆ ಹೇಗೆ?

ಇಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಗೈಡ್ ಮೇಡಂ ಇಡೀ ವಿಧಾನವನ್ನೇ ಬದಲಿಸಿದ್ದಾರೆ. ಮಣಿಸರ ಹೋಲಿಸುವುದನ್ನು ಬಿಟ್ಟು ಈಗ ಮೇಲ್ಮೈ ಹೋಲಿಸುತ್ತಿದ್ದೇವೆ. ಸರ ಉಂಡೆಯಾಗಿ ಸುತ್ತಿಕೊಂಡಾಗ ಹೊರಗೆ ಕಾಣುವ ಮೈ ಇರುತ್ತದಲ್ಲ, ಅದರ ಉಬ್ಬು, ತಗ್ಗು, ಎಲ್ಲಿ ವಿದ್ಯುತ್ತಿನ ಸೆಳೆತ ಇದೆ, ಎಲ್ಲಿ ಇಲ್ಲ, ಎಲ್ಲ. ಆ ಮೈಯನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡನ್ನೂ ಉಳಿದ ಎಲ್ಲ ತುಂಡಿನ ಜೊತೆ ಹೋಲಿಸಿ, ಹತ್ತಿರದವನ್ನು ಒಂದೊಂದು ಗುಂಪಿಗೆ ಹಾಕುವುದು. ಕಂಪ್ಯೂಟರ್ ನಾಲ್ಕು ದಿನದಿಂದ ಗುಂಯ್‌ಗುಡುತ್ತಿದೆ, ಇನ್ನೂ ಮುಗಿದಿಲ್ಲ.

ರಾಧಾಳ ನೆವ ಓದಿ ನಕ್ಕೂ ನಕ್ಕೂ ಸಾಕಾಯಿತು. ನೀನೂ ಅವಳ ವಯಸ್ಸಿನಲ್ಲಿ ಹಾಗಲಕಾಯಿ ಕಂಡರೆ "ತಲಿ ತಿರಗತದ" ಅಂತಿದ್ದೆ, ನೆನಪಿದೆಯಾ? ನೂಲಿನಂತೆ ಸೀರೆ, ತಾಯಿಯಂತೆ ಮಗಳು.

ನಿನ್ನ
ಅಂಬಿ


ರಾಯಚೂರು
೧೨ ಡಿಸೆಂಬರ್ ೨೦೨೪

ಅಕ್ಕಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ನಾನೂ ಬರೆದಿರಲಿಲ್ಲ. ಕೆಲಸ ನಡೆದಿದೆ. ಥಂಡಿ ಜೋರಾಗಿದೆ. ಆದೆಪ್ಪ ಮಾವನ ಮೊಣಕಾಲು ನೋವು ಹೇಗಿದೆ?

ಆ ಹಾಳೆಯಲ್ಲಿ ಸಣ್ಣ ಬದಲಾವಣೆ ಆಗಬಹುದು. ಪಕ್ಕಾ ಆದ ಮೇಲೆ ಹೊಸ ಹಾಳೆ ಕಳಿಸುತ್ತೇನೆ. ಅಲ್ಲಿಯವರೆಗೆ ಹೊಸದೇನೂ ಕೊಡಬೇಡ, ಪರೀಕ್ಷೆ ಮಾಡಿಸಿಬಿಡು. ನಾನೇ ದವಾಖಾನೆಯಲ್ಲಿ ಚೀಟಿ ಮಾಡಿಸಿ ಇಡುತ್ತೇನೆ.

ಬಹಳ ಬರೆಯಲು ಆಗುತ್ತಿಲ್ಲ.

ಅಂಬಿ


ಹೊಸದೊಡ್ಡಿ
೨೮ ಡಿಸೆಂಬರ್ ೨೦೨೪

ತಂಗಿ ಅಂಬಿಕಾಗೆ ಆಶೀರ್ವಾದ.

ಏನೇ, ಸರ್ಕಾರಿ ನೋಟೀಸ್ ಬರೆದ ಹಾಗೆ ಬರೆದಿದ್ದಿ? ಮೈ ಆರಾಮ ಇದೆ ತಾನೆ? ಕಂಪ್ಯೂಟರ್ ಮುಂದೆ ಕೂತು ಕೂತು ಊಟ ಬಿಟ್ಟಿರಬೇಕು.

ನಾಡಿದ್ದು ಸೋಮವಾರ ಎಳ್ಳಮಾಸಿ ಹಬ್ಬ. ತವರು ಮಲ್ಲಟದಲ್ಲಿ ನಾವಿಬ್ಬರೂ ಅವ್ವನ ಹಿಂದೆ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತಿದ್ದದ್ದು ನೆನಪಾಗಿ ನಿನ್ನೆಯಿಂದ ಕಣ್ಣು ತುಂಬಿ ತುಂಬಿ ಬರುತ್ತಿವೆ. ಇಲ್ಲಿ ಎಲ್ಲರಿಗೂ ಶೇಂಗಾ ಹೋಳಿಗೆ, ಸಜ್ಜೆರೊಟ್ಟಿ, ಭಜ್ಜಿ. ಶೇಂಗಾ ಹೋಳಿಗೆಯನ್ನು ಅತ್ತಿ ಪಕ್ಕದಲ್ಲೇ ಇರುವ ಚಿಕ್ಕಮನೆಯವರ ಒಲೆಯ ಮೇಲೆ ಮಾಡಿಕೊಂಡು ಬರುತ್ತಾಳೆ, ಜಗಳ ಆಡಿ ಒಪ್ಪಿಸಿದ್ದೇನೆ. ರಾಧಾಳಿಗೆ ಅಂತಲೇ ನಾನು ಬೇರೆ ಎಳ್ಳು ಹೋಳಿಗೆ ಮಾಡುತ್ತೇನೆ. ಬಿಳಿ ಎಳ್ಳು, ಹಳೆ ಬೆಲ್ಲ, ಯಾಲಕ್ಕಿ. ಮೂರು ತಿಂಗಳಿಂದ ಆ ಕೂಸಿನ ಬಾಯಿಗೆ ಒಂದು ಸಿಹಿ ಬಿದ್ದಿಲ್ಲ ಅಂಬಿ. ಎಲ್ಲ ಹುಡುಗರ ಜೊತೆ ಬದುವಿನ ಮೇಲೆ ಕೂತು ಅವಳೂ ಹೋಳಿಗೆ ತಿನ್ನುತ್ತಾಳಲ್ಲ, ಅದು ನಿನ್ನ ದಯೆ.

ಹಾಳೆಯಲ್ಲಿ ಬದಲಾವಣೆ ಅಂದಿದ್ದಿ. ಬೇಳೆಯ ಬಗ್ಗೆ ಇರಬೇಕು, ಆಗಲೇ ಬರೆದಿದ್ದೆಯಲ್ಲ. ಹೊಸ ಹಾಳೆ ಕಳಿಸು, ಹಳೆಯದರ ಮೇಲೆ ಒಗ್ಗರಣೆ ಸಿಡಿದಿದೆ.

ಸೋಮವಾರ ಮುಂಜಾನೆ ಬಸ್ಸಿಗೆ ಬಾ. ಬರಲೇಬೇಕು.

ನಿನ್ನ ಅಕ್ಕ
ಹುಲಗೆಮ್ಮ


ರಾಯಚೂರು
೧೯ ಜನವರಿ ೨೦೨೫

ಅಕ್ಕಾ,

ನೀನು ಓದುತ್ತೀಯೋ ಹರಿದು ಹಾಕುತ್ತೀಯೋ ಗೊತ್ತಿಲ್ಲ. ಓದಿದರೆ ಪೂರ್ತಿ ಓದು.

ನಿನ್ನ ಎಳ್ಳಮಾಸಿ ಕಾಗದ ಶನಿವಾರವೇ ಜಹೀರ್ ಅಂಗಡಿಗೆ ಬಂದಿತ್ತು. "ಅಕ್ಕನ ಕಾಗದ ಬಂದದ ನೋಡ್ರೀ" ಅಂತ ಅವನು ರಸ್ತೆಯಲ್ಲಿ ಸಿಕ್ಕಾಗ ಹೇಳಿದ. ನಾನು ಹೋಗಲಿಲ್ಲ. ನಿನ್ನ ಅಕ್ಷರ ನೋಡಲು ಹೆದರಿಕೆ. ಮೂರು ದಿನ ಬಿಟ್ಟು ಮಂಗಳವಾರ ಹೋಗಿ ಒಡೆದರೆ ಮೊದಲ ಪುಟದಲ್ಲೇ ಎಳ್ಳು ಹೋಳಿಗೆ. ಅಲ್ಲೇ ನಿಂತು ಮಾವನಿಗೆ ಫೋನ್ ಹಚ್ಚಿದೆ. "ದವಾಖಾನ್ಯಾಗ ಅದೀವಿ" ಅಂದ.

ನಾನು ದವಾಖಾನೆಗೆ ಬಂದಾಗ ನೀನು ಗೋಡೆಯ ಕಡೆ ಮುಖ ಮಾಡಿ ಕೂತೆ. ಬೈದಿದ್ದರೆ ಚೆನ್ನಾಗಿತ್ತು. ಮಾವನೇ ಹೊರಗೆ ಕರೆದು ಚಹಾ ಕುಡಿಸಿ ಹೇಳಿದ. "ಹೊಲದಾಗ ಭೂಮಿತಾಯಿಗೆ ಚರಗ ಚೆಲ್ಲಿ ಉಣ್ಣಾಕ ಕುಂತಿದ್ವಿ. ಹುಡುಗಿ ನಮಗ ಗೊತ್ತಿಲ್ದಂಗ ಆಸಿಗೆ ಬಿದ್ದು ಹೋಳಿಗಿ ಮ್ಯಾಲೆ ಹೋಳಿಗಿ ತಿಂದಾಳ. ಗಾಡಿ ಮ್ಯಾಲೆ ಬರೂಮುಂದ ಕೈಕಾಲು ಚೆಲ್ಲಿಬಿಟ್ಟಳು. ಸತ್ತಳು ಅಂತನ ತಿಳಕೊಂಡೆ" ಅಂದ. ಮಾವ ಅಳುವುದನ್ನು ನಾನು ಅವತ್ತೇ ನೋಡಿದ್ದು. ಒಳಗೆ ರಾಧಾ ಮಲಗಿದ್ದಳು, ಮೂಗಿಗೆ ನಳಿಗೆ. ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡಳು.

ಈಗ ಮುಚ್ಚಿಟ್ಟದ್ದನ್ನು ಹೇಳುತ್ತೇನೆ.

ಡಿಸೆಂಬರ್ ಒಂಬತ್ತನೇ ತಾರೀಖಿಗೇ ನನಗೆ ಗೊತ್ತಾಗಿತ್ತು. ಕಂಪ್ಯೂಟರ್ ಮುಗಿಸಿ ಕೊಟ್ಟ ಗುಂಪುಗಳಲ್ಲಿ ಎಳ್ಳಿನ ಒಂದು ತುಂಡು ಶೇಂಗಾದ ತುಂಡಿನ ಮಗ್ಗುಲಲ್ಲೇ ಕೂತಿತ್ತು. ಇಡೀ ಮೈ ಹೋಲಿಸಿದರೆ ದೂರ ದೂರ, ಆದರೆ ಮೈಯ ಮೇಲಿನ ಅಂಗೈಯಷ್ಟು ಜಾಗ ಒಂದೇ ಥರ. ರಾಧಾಳ ಮೈ ಗುರುತು ಹಿಡಿಯುವುದು ಬೆಡಗನ್ನಲ್ಲ ಅಕ್ಕಾ, ಆ ಅಂಗೈಯಷ್ಟು ಜಾಗವನ್ನು. ಗುಲ್ಫಶಾಗೂ ನಮಗೂ ಯಾವ ಬಳಗ, ಯಾವ ಬೆಡಗು? ಆದರೂ ಆಕೆ ನಕ್ಕಾಗ ನೀನು ತಿರುಗಿ ನೋಡುತ್ತೀಯಲ್ಲ. ನೀನು ಮೊದಲನೇ ಕಾಗದದಲ್ಲೇ ಬರೆದಿದ್ದೆ. ನಾನು ಓದಿ ಮುಂದಕ್ಕೆ ಹೋದೆ.

ಆ ಗುಂಪುಗಳಲ್ಲಿ ಎಷ್ಟು ಹೋಲಿಕೆ ಇದ್ದರೆ ಒಂದೇ ಗುಂಪು ಅನ್ನಬೇಕು ಅಂತ ನಾವೇ ಒಂದು ಗೆರೆ ಎಳೆಯುತ್ತೇವೆ. ಮೂರು ಕಡೆ ಗೆರೆ ಎಳೆದು ನೋಡಿದೆ. ಎರಡರಲ್ಲಿ ಎಳ್ಳು ಶೇಂಗಾದ ಜೊತೆ ಬಂತು, ಒಂದರಲ್ಲಿ ದೂರ ಉಳಿಯಿತು. ಆ ಒಂದನ್ನೇ ಹಿಡಿದುಕೊಂಡು ಕೂತೆ. ಮತ್ತೆ ಲೆಕ್ಕ ಹಾಕಿದೆ, ಮತ್ತೆ ಹಾಕಿದೆ. ಮೇಡಂ ಎರಡನ್ನೇ ನಂಬು ಅಂದರು. ನಾನು ಒಂದು ವಾರ ತಡೆಯಿರಿ ಅಂದೆ. ಯಾಕೆ ಗೊತ್ತಾ? ಹಾಳೆ ನಿನ್ನ ಗೋಡೆಯ ಮೇಲಿತ್ತು. ನಿಮ್ಮ ಅತ್ತಿ ಅದನ್ನು ನೋಡಿ ನಕ್ಕಿದ್ದಳು. ಬೇಳೆಯ ಬಗ್ಗೆ ಒಂದು ಸಲ ಮಾತು ತಿರುಗಿಸಿದ್ದೆ, ಎಳ್ಳಿನ ಬಗ್ಗೆಯೂ ತಿರುಗಿಸಿದರೆ ನೀನು ನನ್ನನ್ನು ಏನಂತ ತಿಳಿಯುತ್ತೀ ಅಂತ. ಪಕ್ಕಾ ಆಗಲಿ, ಪಕ್ಕಾ ಆಗಲಿ ಅಂತ ಇಪ್ಪತ್ತೊಂದು ದಿನ. ಎಳ್ಳು ನಿಲ್ಲಿಸು ಅಂತ ಎರಡು ಶಬ್ದ ಬರೆದಿದ್ದರೆ ಸಾಕಿತ್ತು. ನೀನು ಮನೆಯಲ್ಲಿ ದಿನಾ ಎಳ್ಳು ಕುಟ್ಟುತ್ತೀ ಅಂತ ಗೊತ್ತಿದ್ದೂ ಬರೆಯಲಿಲ್ಲ. ಹಬ್ಬದ ನೆನಪು ಕೂಡ ಆಗಲಿಲ್ಲ ನನಗೆ, ಹೆಸರಿನಲ್ಲೇ ಎಳ್ಳಿರುವ ಹಬ್ಬ!

ಇನ್ನೊಂದು. ನಾನು ಕಳಿಸಿದ ಹಾಳೆ ಕಲಿಯಲೆಂದು ಮಾಡಿದ ಮೊದಲ ವರ್ಷದ ಚಿತ್ರ. ಒಳ್ಳೆಯದೇ, ಆದರೆ ಅದರಿಂದ ಒಬ್ಬರ ತಟ್ಟೆಗೆ ಏನು ಹಾಕಬೇಕು ಅಂತ ಹೇಳಲು ಬರುವುದಿಲ್ಲ. ಈಗಿನ ಚಿತ್ರದಿಂದಲೂ ಬರುವುದಿಲ್ಲ. ಅದು ಪರೀಕ್ಷೆಯಿಂದ ಮಾತ್ರ ಗೊತ್ತಾಗುವುದು. ನನಗೆ ಅದು ಅವತ್ತೂ ಗೊತ್ತಿತ್ತು. ನೀನು ಕೇಳಿದ ಖುಷಿಗೆ, ಏನಾದರೂ ಕೊಡಬೇಕು ಅಂತ ಕೊಟ್ಟೆ.

ನಾನು ತಪ್ಪು ಮಾಡಿದೆ ಅಕ್ಕಾ. ರಾಧಾ ಹೇಗಿದ್ದಾಳೆ ಅಂತ ಮಾವ ಫೋನಿನಲ್ಲಿ ಹೇಳುತ್ತಾನೆ. ನೀನು ಹೇಗಿದ್ದೀ ಅಂತ ಯಾರೂ ಹೇಳುವುದಿಲ್ಲ.

ಅಂಬಿ


ಹೊಸದೊಡ್ಡಿ
೯ ಫೆಬ್ರುವರಿ ೨೦೨೫

ಅಂಬಿ,

ಇವತ್ತು ಪುಸ್ತಕದ ಕನ್ನಡ ಬರಂಗಿಲ್ಲ ನನಗ. ಬಾಯಿಗೆ ಬಂದಂಗ ಬರಿತೀನಿ.

ಇಪ್ಪತ್ತೊಂದು ದಿನ ಅಂತ ಓದಿ ನಿನ್ನ ಕಾಗದ ಒಲಿಯಾಗ ಹಾಕಾಕ ಎದ್ದಿದ್ದೆ. ಎರಡು ಶಬ್ದಕ್ಕ ಬಡತನ ಬಂದಿತ್ತೇನ ನಿನಗ? ಆರು ವರ್ಷ ಓದಿದ್ದು ಯಾತಕ್ಕ, ಸುಡುಗಾಡಿಗೆ? ಬೈಬೇಕು ಅಂತ ಮೂರು ಸಲ ಪೆನ್ನು ಹಿಡದೆ. ಬೈಗಳ ನಿನ್ನಿಂದ ಶುರುವಾಗಿ ನನ್ನ ತನಕ ಬಂದು ನಿಂದರತದ. ಅದಕ್ಕ ಇಷ್ಟು ದಿನ ಬರಿಲಿಲ್ಲ.

ನಿಮ್ಮ ಮಾವ ನಿನಗ ಹೇಳಿದ್ದು ಸುಳ್ಳು. ಆತನ ತಪ್ಪಲ್ಲ, ಆತ ಗಂಡಸರ ಕೂಡ ಆ ಕಡೆ ಕುಂತಿದ್ದ, ನಾ ಹೇಳಿದ್ದನ್ನ ಹೇಳ್ಯಾನ. ಹುಡುಗಿ ಆಸಿಗೆ ಬಿದ್ದು ತಿಂದಿಲ್ಲ. ಬದುವಿನ ಮ್ಯಾಲೆ ಒಂದು ತುತ್ತು ಮುರದು ಬಾಯಾಗ ಇಟ್ಟಕೊಂಡಳು, ನನ್ನ ಕಡೆ ನೋಡಿ "ಯವ್ವಾ, ಬಾಯಿ ಕಡಿತದ ಬೇ" ಅಂದಳು. ಸುತ್ತ ಮಂದಿ ಇದ್ರು, ಅತ್ತಿ ಇದ್ದಳು. ಮೂರು ತಾಸು ಕುಂತು ಮಾಡಿದ ಹೋಳಿಗಿ. "ಹಾಳ್ಯಾಗ ಇಲ್ಲ ಅದು. ಸುಮ್ಮನ ತಿನ್ನು" ಅಂದೆ. ಆಕಿ ತುಟಿ ಬಿಗಿ ಹಿಡದಳು. ನಾ ನನ್ನ ಕೈಲೆ ಗಲ್ಲ ಹಿಡದು ಎರಡನೇ ತುತ್ತು ತುರಕೀನಿ ಅಂಬಿ. ನನ್ನ ಕೈಲೆ.

ದವಾಖಾನ್ಯಾಗ ಡಾಕ್ಟರು ಯಾರು ಕೊಟ್ರು ಅಂದಾಗ, ಆಕೀನ ಕದ್ದು ತಿಂದಳು ಅಂದೆ. ಆಕಿಗೆ ಎಚ್ಚರ ಇತ್ತು, ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ. ಮನಿಗೆ ಬಂದ ಮ್ಯಾಲೆ ನಿಮ್ಮ ಮಾವ "ಜೀವಕ್ಕಿಂತ ಹೋಳಿಗಿ ಹೆಚ್ಚಾತೇನ ನಿನಗ?" ಅಂತ ಆಕಿಗೇ ಬೈದ. ಆವಾಗೂ ಏನೂ ಅನ್ನಲಿಲ್ಲ. ನಾ ಒಲಿ ಮುಂದ ಕುಂತಿದ್ದೆ, ನಾನೂ ಏನೂ ಅನ್ನಲಿಲ್ಲ. ನೀ ಇಪ್ಪತ್ತೊಂದು ದಿನ ಬಾಯಿ ಮುಚಕೊಂಡಿದ್ದಿ. ನಾ ಒಂದು ತಿಂಗಳು.

ಪರೀಕ್ಷಾ ಆತು. ಹೋದ ವಾರ ರಾಯಚೂರಿಗೆ ಬಂದಿದ್ವಿ. ನಿನಗ ಹೇಳಬ್ಯಾಡ ಅಂತ ನಾನ ಅಂದಿದ್ದೆ. ಅಲ್ಲಿ ಡಾಕ್ಟರಮ್ಮ ನನ್ನ ಕೇಳಲಿಲ್ಲ. ರಾಧಾನ್ನ ಕುರ್ಚಿ ಮ್ಯಾಲೆ ಕುಂದರಿಸಿ, "ನೀ ಹೇಳವ್ವಾ, ಯಾವುದು ತಿಂದ್ರ ಏನಾಗತದ?" ಅಂದ್ರು. ಆಕಿ ಲಂಗದ ಕಿಸ್ಯಾಗಿಂದ ಒಂದು ಹಾಳಿ ತಗದಳು. ನಿನ್ನ ಹಾಳಿ. ದವಾಖಾನ್ಯಾಗಿಂದ ಬಂದ ದಿನ ಗ್ವಾಡಿಗಿಂದ ಕಿತ್ತು ಇಟಗೊಂಡಾಳ, ನಾ ಒಲಿಗೆ ಹಾಕ್ಯಾಳ ಅಂತ ತಿಳದಿದ್ದೆ. ಹಿಂದಿನ ಮಗ್ಗಲಕ, ಹಿಟ್ಟಿನ ಅಂಟು ಬಿಟ್ಟು ಉಳದ ಜಾಗದಾಗ, ತಾನೂ ಗುಂಪು ಮಾಡಿ ಬರದಾಳ.

ಬಾಯಿ ಕಡಿಯೋವು, ಅಂತ ಒಂದು. ಅದರಾಗ ಶೇಂಗಾ, ಬಿಳಿ ಎಳ್ಳು, ಕರಿ ಎಳ್ಳು, ಅವ್ವ ಎಳ್ಳು ಕುಟ್ಟುವಾಗಿನ ಗಾಳಿ. ಏನೂ ಮಾಡದೋವು, ಅಂತ ಒಂದು. ತೊಗರಿ, ಹೆಸರು, ಕಡಲಿ, ಗೆಳತಿ ಮನ್ಯಾಗ ಕದ್ದು ಉಂಡ ಬ್ಯಾಳಿ ಸಾರು. ಗೊತ್ತಿಲ್ಲದೋವು, ಅಂತ ಇನ್ನೊಂದು. ಡಾಕ್ಟರಮ್ಮ ಗಟ್ಟಿಯಾಗಿ ಓದಿಕೋತ ಹೋದ್ರು. ಕೆಳಗ ನಾಕನೇದು ಇತ್ತು. ಬ್ಯಾಡ ಅಂದ್ರೂ ಅವ್ವ ತಿನ್ನಿಸಿದ್ದು. ಚಿಕ್ಕಿ. ಹೋಳಿಗಿ.

ನಿಮ್ಮ ಮಾವ ನನ್ನ ಕಡೆ ನೋಡಿದ. ಬಸ್ಸಿನಾಗ ಮಗಳನ್ನ ತನ್ನ ಮಗ್ಗಲಕ ಕುಂದರಿಸಿಕೊಂಡು, ಆಕಿ ತಲಿ ಮ್ಯಾಲೆ ಕೈ ಇಟಗೊಂಡು ದೇವದುರ್ಗ ಬರೋ ತನಕ ಹಂಗ ಕುಂತಿದ್ದ. ನಾ ಹಿಂದಿನ ಸೀಟಿನಾಗ.

ಪರೀಕ್ಷಾದಾಗೂ ಹಂಗ ಬಂತು. ಶೇಂಗಾ, ಎಳ್ಳು ಎರಡೂ ಚುಚ್ಚಿದಲ್ಲಿ ತೊಗಲು ಉಬ್ಬಿತು. ತೊಗರಿ, ಹೆಸರು, ಕಡಲಿ ಏನೂ ಇಲ್ಲ. ಆಕಿ ಬರದಂಗನ. ನೀ ಕಂಪ್ಯೂಟರ್‌ನಾಗ ಮಾಡಿದ್ದು, ಡಾಕ್ಟರು ಸೂಜೀಲೆ ಮಾಡಿದ್ದು, ಎಲ್ಲಾ ಆಕಿ ಬಾಯಾಗ ಮೊದಲ ಇತ್ತು. ಹನ್ನೊಂದು ವರ್ಷ ಹೇಳಿಕೋತ ಬಂದಾಳ. ನಾ ನಖರಾ ಅಂದೆ, ನೀ ಕಾಗದದಾಗ ಓದಿ ನಕ್ಕಿ.

ಎಳ್ಳಿನ ಡಬ್ಬಿ, ಶೇಂಗಾದ ಚೀಲ ಎಲ್ಲಾ ಅತ್ತೀನ ಹೊತ್ತು ಚಿಕ್ಕಮನ್ಯಾಗ ಇಟ್ಟು ಬಂದಳು. ಐಬು ಅನ್ನೋ ಮಾತು ತಗದಿಲ್ಲ ಆಮ್ಯಾಲೆ. ಸಂತಿಗೆ ಈಗ ಬರೇ ರೊಟ್ಟಿ ಒಯ್ತೀನಿ.

ಬಾ ಅಂತ ಕರಿಯಾಕತ್ತೀನಿ, ಬಿಂಕ ಮಾಡಬ್ಯಾಡ. ಹೊಸ ಹಾಳಿ ಗೀಳಿ ತರಬ್ಯಾಡ. ಆಕಿ ಮುಂದ ಕುಂತು, ತಪ್ಪಾತು ಅಂತ ಆಕಿಗೆ ಅನ್ನು. ನನಗಲ್ಲ. ನಾನೂ ಅನ್ನಬೇಕು, ಇನ್ನೂ ಬಾಯಿ ಬಂದಿಲ್ಲ. ನೀ ಬಂದ್ರ ಇಬ್ಬರೂ ಕೂಡೇ ಅಂದೇವು.

ನಿನ್ನೆ ಬ್ಯಾಳಿ ಸಾರು ಮಾಡಿದ್ದೆ. ಆಕಿ ತಟ್ಟಿಗೆ ನಾಕು ತಿಂಗಳ ಮ್ಯಾಲೆ ಮೊದಲನೇ ಸಲ. ರೊಟ್ಟಿ ಮುರದು, ಅದ್ದಿ, ಕೈ ಮುಂದ ಮಾಡಿದೆ. ಮೊದಲಾದ್ರ ನನ್ನ ಕೈಯಾಗಿಂದನ ಬಾಯಿ ಹಾಕಿ ತಿಂತಿದ್ದಳು. ನಿನ್ನೆ ತುತ್ತು ತನ್ನ ಕೈಗೆ ಇಸಗೊಂಡಳು. ತುಟಿಗೆ ಹಚ್ಚಿಕೊಂಡು, ನುಂಗದ ಹಂಗ ಕುಂತಳು, ನನ್ನನ್ನ ನೋಡಿಕೋತ. ನಾ ತಿನ್ನು ಅನ್ನಲಿಲ್ಲ. ಸಾರು ಆರಿತು, ಹೊರಗ ನಿಮ್ಮ ಮಾವ ಗಾಡಿ ನಿಲ್ಲಿಸಿ ಒಳಗ ಬಂದ, ಅತ್ತಿ ಏನಾತು ಅಂದಳು. ಆಕಿ "ಕಡಿಯಂಗಿಲ್ಲ ಬೇ" ಅನ್ನೋ ತನಕ ನಾ ಕೈ ಕೆಳಗ ಇಳಸಲಿಲ್ಲ.

ನಿನ್ನ ಅಕ್ಕ